ಟ್ರಯಲ್‌ಗೆ ದುಡ್ಡು ಹುಡುಕುವ ಮೊದಲು ಒಪಿಡಿ ರಿಜಿಸ್ಟರ್ ತೆಗೆಸಿ

ನೀವು ಕೇಳಿರುವುದು ಇದು: ಜಿಲ್ಲಾ ಕೇಂದ್ರದ ಮೆಡಿಕಲ್ ಕಾಲೇಜೊಂದರಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆಗಿದ್ದೀರಿ. ಈಗಾಗಲೇ ಅಂಗಡಿಯಲ್ಲಿ ಸಿಗುವ ಒಂದು ಮಾತ್ರೆ ಬೇರೆ ಕಾಯಿಲೆಗೂ ಉಪಯೋಗಕ್ಕೆ ಬರಬಹುದು ಅಂತ ನಿಮಗೆ ಅನಿಸಿದೆ. ಅದನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸುವ ಕ್ಲಿನಿಕಲ್ ಟ್ರಯಲ್ ಮಾಡಬೇಕು. ಪ್ಲಾನ್ ಮಾಡೋಕೆ ಯಾರ ಸಹಾಯ ಸಿಗುತ್ತೆ, ದುಡ್ಡು ಯಾರು ಕೊಡ್ತಾರೆ?

ನಾನು ಡಾಕ್ಟರ್ ಅಲ್ಲ. ಒಂದು ಮೆಡಿಕಲ್ ಕಾಲೇಜಿನ ರಿಸರ್ಚ್ ಸೆಲ್‌ನಲ್ಲಿ ಹನ್ನೊಂದು ವರ್ಷದಿಂದ ಕೋಆರ್ಡಿನೇಟರ್. ನಿಮ್ಮಂಥವರ ಪ್ರೊಪೋಸಲ್‌ಗಳ ಹಿಂದೆ ಓಡಾಡುವುದೇ ನನ್ನ ಕೆಲಸ. ಎಲ್ಲರೂ ಮೊದಲು ಕೇಳುವುದು ದುಡ್ಡಿನ ವಿಷಯ. ಆದರೆ ನಾನು ಕಂಡ ಹಾಗೆ ಹೆಚ್ಚಿನ ಅರ್ಜಿಗಳು ಬಿದ್ದುಹೋಗುವುದು ದುಡ್ಡು ಕೊಡುವವರು ಇಲ್ಲ ಅಂತ ಅಲ್ಲ. ಸಹಾಯ ಮಾಡಬೇಕಾದವರನ್ನು ಕೊನೆಯ ವಾರದಲ್ಲಿ ಕರೆಯುತ್ತಾರೆ, ಅದಕ್ಕೆ.

ಒಬ್ಬ ಡಾಕ್ಟರ್ ಒಮ್ಮೆ ಅರ್ಜಿಯ ಕೊನೆಯ ದಿನಕ್ಕೆ ಮೂರು ದಿನ ಇದೆ ಅನ್ನುವಾಗ ಫೈಲ್ ತಂದರು. ತಿಂಗಳಿಗೆ ಇಪ್ಪತ್ತು ರೋಗಿಗಳು ಸಿಗುತ್ತಾರೆ ಅಂತ ಬರೆದಿದ್ದರು. ನಾನು ಒಪಿಡಿ (ಹೊರರೋಗಿ ವಿಭಾಗ) ರಿಜಿಸ್ಟರ್ ತರಿಸಿ, ಹಿಂದಿನ ಆರು ತಿಂಗಳ ಪುಟಗಳನ್ನು ಸಿಸ್ಟರ್ ಜೊತೆ ಕೂತು ಎಣಿಸಿದೆ. ಆ ಕಾಯಿಲೆ ಅಂತ ಬರೆದವರು ತಿಂಗಳಿಗೆ ಸರಾಸರಿ ಏಳು. ಅದರಲ್ಲಿ ಕಿಡ್ನಿ ತೊಂದರೆ ಇದ್ದವರು, ಗರ್ಭಿಣಿಯರು, ದೂರದ ತಾಲ್ಲೂಕಿನಿಂದ ಬಂದು ಮತ್ತೆ ಬರಲಾರದವರು, ಇವರನ್ನೆಲ್ಲ ಬಿಟ್ಟರೆ ಉಳಿದದ್ದು ನಾಲ್ಕು. ಎರಡು ವರ್ಷದ ಯೋಜನೆ ಹತ್ತು ವರ್ಷದ್ದಾಗುತ್ತಿತ್ತು. ಡಾಕ್ಟರ್‌ಗೆ ಬೇಜಾರಾಯಿತು. ನನಗೂ. ಅವರ ಪ್ರಶ್ನೆ ನಿಜಕ್ಕೂ ಒಳ್ಳೆಯದಿತ್ತು. ಮೂರು ತಿಂಗಳು ಮೊದಲೇ ಬಂದಿದ್ದರೆ ಇನ್ನೆರಡು ಆಸ್ಪತ್ರೆಗಳನ್ನು ಸೇರಿಸಿಕೊಳ್ಳಬಹುದಿತ್ತು.

ಹಾಗಾಗಿ ನೀವು ಈ ವಾರವೇ ಮಾಡಬೇಕಾದದ್ದು ಇದು. ನಿಮ್ಮ ರಿಜಿಸ್ಟರ್ ಎಣಿಸಿ. ಅಂದಾಜು ಬೇಡ, ಎಣಿಸಿ.

ಆಮೇಲೆ ಸ್ಟ್ಯಾಟಿಸ್ಟಿಷಿಯನ್, ಅಂದರೆ ಅಂಕಿಅಂಶ ತಜ್ಞರು. ನಿಮ್ಮ ಕಾಲೇಜಿನ ಕಮ್ಯುನಿಟಿ ಮೆಡಿಸಿನ್ ವಿಭಾಗದಲ್ಲಿ ಒಬ್ಬರು ಇದ್ದೇ ಇರುತ್ತಾರೆ. 'ಸ್ಯಾಂಪಲ್ ಸೈಜ್ (ಎಷ್ಟು ರೋಗಿಗಳು ಬೇಕು ಅನ್ನುವ ಲೆಕ್ಕ) ಹಾಕಿಕೊಡಿ' ಅಂತ ಹೋಗಬೇಡಿ. 'ನನ್ನ ಪ್ರಶ್ನೆ ಇದು, ಸರಿಯಿದೆಯಾ ನೋಡಿ' ಅಂತ ಹೋಗಿ. ಒಂದು ಲೆಕ್ಕ ಹೇಳುತ್ತೇನೆ. ಒಂದು ತೊಂದರೆ ನೂರಕ್ಕೆ 12 ಜನರಲ್ಲಿ ಆಗುತ್ತೆ, ಅದು ಔಷಧದಿಂದ 6ಕ್ಕೆ ಇಳಿಯುತ್ತೆ ಅಂತ ತೋರಿಸಬೇಕಾದರೆ ಸಾಮಾನ್ಯ ಲೆಕ್ಕದಲ್ಲಿ ಔಷಧ ಪಡೆಯುವ, ಪಡೆಯದ ಎರಡು ಗುಂಪುಗಳಲ್ಲಿ ಪ್ರತಿ ಗುಂಪಿಗೆ ಸುಮಾರು 355 ಜನ ಬೇಕು. ಅದೇ 12ರಿಂದ 9ಕ್ಕೆ ಮಾತ್ರ ಇಳಿಯುತ್ತೆ ಅಂದರೆ ಪ್ರತಿ ಗುಂಪಿಗೆ 1,600ಕ್ಕೂ ಜಾಸ್ತಿ. 'ಹೋದ ವರ್ಷದ ಥೀಸಿಸ್‌ನಲ್ಲಿ 60 ಇತ್ತು, ನಮಗೂ 60 ಸಾಕು' ಅನ್ನುವ ಮಾತು ದಯವಿಟ್ಟು ಬೇಡ. ಉತ್ತರ ಸಿಗದ ಟ್ರಯಲ್‌ಗೆ ರೋಗಿಯನ್ನು ಸೇರಿಸುವುದು ಆ ರೋಗಿಗೆ ಮಾಡುವ ಅನ್ಯಾಯ.

ಜಿಲ್ಲೆಯಲ್ಲಿ ಕೂತು ದೊಡ್ಡ ಕೆಲಸ ಆಗಲ್ಲ ಅಂತ ಅನಿಸುತ್ತಿದ್ದರೆ ಬೆಳಗಾವಿಯನ್ನು ನೋಡಿ. ಹೆರಿಗೆಯಾದ ಮೇಲಿನ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಮಾತ್ರೆ ಕೆಲಸ ಮಾಡುತ್ತಾ ಅಂತ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಆ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆಂಗಸರ ಮೇಲೆ ಟ್ರಯಲ್ ಮಾಡಿದರು. ಮಾತ್ರೆ ಕೊಟ್ಟವರು ಹಳ್ಳಿಗಳಲ್ಲಿ ಹೆರಿಗೆ ನೋಡಿಕೊಳ್ಳುವ ಎಎನ್‌ಎಂ ಸಿಸ್ಟರ್‌ಗಳು. ಎಷ್ಟು ರಕ್ತ ಹೋಯಿತು ಅಂತ ಕಣ್ಣಂದಾಜಿನಲ್ಲಿ ಬರೆಯಲಿಲ್ಲ. ಬಾಣಂತಿಯ ಕೆಳಗೆ ಹಾಸುವ, ತುದಿಯಲ್ಲಿ ಅಳತೆ ಗೆರೆ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಅಳೆದರು. ಹೆಚ್ಚು ರಕ್ತಸ್ರಾವ ಆದವರ ಪ್ರಮಾಣ 12%ರಿಂದ 6.4%ಗೆ ಇಳಿಯಿತು. ಇದು 2006ರಲ್ಲಿ ಹೆಸರಾಂತ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಇದರ ಹಿಂದೆ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ದುಡ್ಡಿತ್ತು, ಅಲ್ಲಿನ ಮಿಸೌರಿ ವಿಶ್ವವಿದ್ಯಾಲಯದ ಜೊತೆಗಾರರಿದ್ದರು. ಆದರೆ ಆ ಚೀಲ ಹಾಸಿ, ಗೆರೆ ನೋಡಿ ಬರೆದುಕೊಂಡವರು ನಮ್ಮ ಹಳ್ಳಿಗಳ ಆರೋಗ್ಯ ಸಬ್‌ಸೆಂಟರ್‌ನವರು. ಇದನ್ನು ನೆನೆಸಿಕೊಂಡಾಗೆಲ್ಲ ನನಗೆ ಹೆಮ್ಮೆಯಾಗುತ್ತೆ.

ಈಗ ನಿಯಮದ ಮಾತು. ನಿಮ್ಮ ಪ್ರಶ್ನೆ ನೋಡಿದರೆ ಇದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ 'ಅಕಾಡೆಮಿಕ್ ಟ್ರಯಲ್' ಆಗುವ ಹಾಗಿದೆ. ಅಂದರೆ ಒಪ್ಪಿಗೆ ಇರುವ ಔಷಧವನ್ನೇ ಹೊಸ ಕಾಯಿಲೆಗೆ ಅಥವಾ ಹೊಸ ಪ್ರಮಾಣದಲ್ಲಿ ಕೊಟ್ಟು ನೋಡುವುದು, ಅದರ ಫಲಿತಾಂಶವನ್ನು ಮಾರಾಟದ ಅನುಮತಿಗೆ ಬಳಸದಿರುವುದು. ಅಂಥದ್ದಕ್ಕೆ ಎಥಿಕ್ಸ್ ಕಮಿಟಿ (ರೋಗಿಗಳ ಹಿತ ಕಾಯಲು ಸಂಶೋಧನೆಗಳನ್ನು ಪರಿಶೀಲಿಸುವ ಸಮಿತಿ) ಒಪ್ಪಿಗೆ ಸಾಕು, ದೆಹಲಿಯ ಔಷಧ ನಿಯಂತ್ರಕರ ಪ್ರತ್ಯೇಕ ಅನುಮತಿ ಬೇಕಿಲ್ಲ. ನಿಮ್ಮದು ಇದರೊಳಗೆ ಬರುತ್ತಾ ಅನ್ನುವುದನ್ನು ಕಮಿಟಿಯ ಮೆಂಬರ್ ಸೆಕ್ರೆಟರಿ ಹತ್ತಿರ ಮೊದಲೇ ಕೇಳಿ. ಅನುಮಾನ ಬಂದರೆ ಕಮಿಟಿಯೇ ದೆಹಲಿಗೆ ಬರೆಯುತ್ತೆ. ಕಮಿಟಿಯ ನೋಂದಣಿ ಚಾಲ್ತಿಯಲ್ಲಿದೆಯಾ ಅಂತಲೂ ನೋಡಿಕೊಳ್ಳಿ.

ಸಿಟಿಆರ್‌ಐ (ದೇಶದ ಟ್ರಯಲ್‌ಗಳನ್ನು ದಾಖಲಿಸುವ ರಿಜಿಸ್ಟ್ರಿ) ನೋಂದಣಿ ಮರೆಯಬೇಡಿ. 2007ರಿಂದ ಇದೆ, ದುಡ್ಡು ಕೊಡಬೇಕಿಲ್ಲ. 2018ರ ಏಪ್ರಿಲ್ 1ರಿಂದ ಮೊದಲ ರೋಗಿ ಸೇರುವ ಮುಂಚೆಯೇ ನೋಂದಣಿ ಆಗಿರಬೇಕು. ಆಮೇಲೆ ಮಾಡೋಣ ಅಂದರೆ ತೆಗೆದುಕೊಳ್ಳಲ್ಲ.

ಸಹಾಯ ಯಾರು ಮಾಡ್ತಾರೆ ಅಂತ ಕೇಳಿದಿರಿ. ಬ್ರಿಟನ್ನಿನಲ್ಲಿ ಎನ್‌ಐಎಚ್‌ಆರ್ ಅನ್ನುವ ಸರ್ಕಾರಿ ದುಡ್ಡಿನ ಸಂಸ್ಥೆ, ಸಂಶೋಧಕರು ಅರ್ಜಿ ಹಾಕುವ ಮೊದಲೇ ಪಕ್ಕ ಕೂತು ಪುಕ್ಕಟೆ ಸಲಹೆ ಕೊಡುವ ಸೇವೆ ನಡೆಸುತ್ತೆ. ನಮ್ಮಲ್ಲಿ ಅಂಥ ಒಂದೇ ಬಾಗಿಲು ಇಲ್ಲ. ಫರೀದಾಬಾದಿನಲ್ಲಿರುವ ಸರ್ಕಾರಿ ಸಂಸ್ಥೆ ಸಿಡಿಎಸ್‌ಎ ಟ್ರಯಲ್ ನಡೆಸಲು ನೆರವು, ತರಬೇತಿ ಕೊಡುತ್ತೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹಲವು ಆಸ್ಪತ್ರೆಗಳನ್ನು ಸೇರಿಸಿ ಟ್ರಯಲ್ ಜಾಲಗಳನ್ನು ಕಟ್ಟಿದೆ. ಹೀಗೆ ಸೇರಿದರೆ ಏನಾಗುತ್ತೆ ಅನ್ನುವುದನ್ನು ಕೊರೊನಾ ಕಾಲದಲ್ಲಿ ಗುಣವಾದವರ ರಕ್ತದ ಪ್ಲಾಸ್ಮಾವನ್ನು ರೋಗಿಗಳಿಗೆ ಕೊಟ್ಟು ನೋಡಿದ ಟ್ರಯಲ್‌ನಲ್ಲಿ ನೋಡಿದೆವು. 39 ಆಸ್ಪತ್ರೆ, ಒಂದೇ ಪ್ರೊಟೊಕಾಲ್ (ಟ್ರಯಲ್ ನಡೆಸುವ ಲಿಖಿತ ವಿಧಾನ), ಮೂರು ತಿಂಗಳೊಳಗೆ 464 ರೋಗಿಗಳು. ಪ್ಲಾಸ್ಮಾದಿಂದ ಸಾವು ಕಡಿಮೆಯಾಗಲ್ಲ ಅಂತ ಗೊತ್ತಾಯಿತು. ಅಷ್ಟು ಬೇಗ ಅಷ್ಟು ಸ್ಪಷ್ಟ ಉತ್ತರ ಒಂದು ಆಸ್ಪತ್ರೆಯಿಂದ ಸಾಧ್ಯವಿರಲಿಲ್ಲ.

ಹಾಗಾಗಿ ಒಂದೇ ಬಾಗಿಲು ಇಲ್ಲದ ಕಡೆ ಐದು ಜನರನ್ನು ನೀವೇ ಒಂದು ಮೇಜಿಗೆ ಕರೆಯಬೇಕು: ಸ್ಟ್ಯಾಟಿಸ್ಟಿಷಿಯನ್, ಫಾರ್ಮಸಿಯವರು, ರೋಗಿಗಳನ್ನು ನೋಡುವ ಸಿಸ್ಟರ್, ಎಥಿಕ್ಸ್ ಕಮಿಟಿಯವರು, ಮತ್ತೆ ಅಕೌಂಟ್ಸ್ ಸೆಕ್ಷನ್ನಿನವರು. ಅಕೌಂಟ್ಸ್ ಯಾಕೆ ಅಂತೀರಾ? ಒಂದು ಟ್ರಯಲ್‌ನಲ್ಲಿ ನಮ್ಮ ಕಡೆಯಿಂದ ಯುಟಿಲೈಸೇಶನ್ ಸರ್ಟಿಫಿಕೇಟ್ (ಬಂದ ಅನುದಾನ ಹೇಗೆ ಖರ್ಚಾಯಿತು ಅನ್ನುವ ಪತ್ರ) ಹೋಗುವುದು ತಡವಾಯಿತು. ಎರಡನೇ ಕಂತು ಬರಲಿಲ್ಲ. ರಿಸರ್ಚ್ ನರ್ಸ್‌ಗೆ ನಾಲ್ಕು ತಿಂಗಳು ಸಂಬಳ ಇಲ್ಲ. ಆಕೆ ಬೇರೆ ಕೆಲಸ ನೋಡಿಕೊಂಡು ಹೋದಳು. ರೋಗಿಗಳ ಫೋನ್ ನಂಬರ್, ಯಾರ ಮನೆಯಲ್ಲಿ ಯಾವ ಹೊತ್ತಿಗೆ ಫೋನ್ ಎತ್ತುತ್ತಾರೆ ಅನ್ನೋದೆಲ್ಲ ಅವಳಿಗೇ ಗೊತ್ತಿದ್ದದ್ದು. ಫಾಲೋ-ಅಪ್ ಅರ್ಧಕ್ಕರ್ಧ ಕೈತಪ್ಪಿತು. ಅಂದಿನಿಂದ ಮೊದಲ ಮೀಟಿಂಗಿಗೇ ಅಕೌಂಟ್ಸ್‌ನವರನ್ನು ಕರೆಯುತ್ತೇನೆ.

ಬಜೆಟ್ಟಿನಲ್ಲಿ ಡಾಕ್ಟರ್‌ಗಳು ಬರೆಯುವುದು ಮಾತ್ರೆ, ಲ್ಯಾಬ್ ಟೆಸ್ಟ್. ಬಿಡುವುದು ರೋಗಿಯ ಬಸ್ ಚಾರ್ಜು, ಅವರ ಒಂದು ದಿನದ ಕೂಲಿ, ಇನ್ಶೂರೆನ್ಸ್, ಡೇಟಾ ಎಂಟ್ರಿ, ಕಾಗದಪತ್ರ ವರ್ಷಗಟ್ಟಲೆ ಇಡುವ ಬೀರು. ಪ್ಲಸೀಬೊ, ಅಂದರೆ ಔಷಧವಿಲ್ಲದ ಸಪ್ಪೆ ಮಾತ್ರೆ, ಬೇಕಾದರೆ ನೋಡೋಕೆ ಅದೇ ಥರದ ಮಾತ್ರೆ ಯಾರಾದರೂ ಮಾಡಿಕೊಡಬೇಕು. ಅದರ ದರ ಮೊದಲೇ ಬರೆಸಿಕೊಳ್ಳಿ.

ದುಡ್ಡಿಗೆ: ಚಿಕ್ಕದಾಗಿ ಶುರು ಮಾಡೋಕೆ, ನಿಮ್ಮ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯಕ್ಕೆ ಸೇರಿದ್ದರೆ ಅಲ್ಲಿನ ಸಂಶೋಧನಾ ಅನುದಾನ. ದೊಡ್ಡದಕ್ಕೆ ಐಸಿಎಂಆರ್. ನಿಮ್ಮದೇ ಸಂಶೋಧನೆಯ ಹಾದಿ ಕಟ್ಟಿಕೊಳ್ಳಬೇಕು ಅಂದರೆ ಸಂಶೋಧಕರಿಗೆ ದುಡ್ಡು ಕೊಡುವ ಇಂಡಿಯಾ ಅಲಯನ್ಸ್ ಸಂಸ್ಥೆಯ ಫೆಲೋಶಿಪ್. ವಿದೇಶದ ದುಡ್ಡಾದರೆ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಕಮಿಟಿ ಒಪ್ಪಿಗೆ ಬೇಕು, ಅದಕ್ಕೆ ಸಮಯ ಇಟ್ಟುಕೊಳ್ಳಿ. ಮೊದಲ ಅರ್ಜಿ ದೊಡ್ಡ ಟ್ರಯಲ್‌ಗೂ ಮುಂಚಿನ ಒಂದು ಸಣ್ಣ ಪೈಲಟ್‌ಗೆ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಎಷ್ಟು ಜನ ಒಪ್ಪುತ್ತಾರೆ, ಎಷ್ಟು ಜನ ವಾಪಸ್ ಬರುತ್ತಾರೆ ಅನ್ನುವ ನಿಮ್ಮದೇ ಅಂಕಿ ಕೈಯಲ್ಲಿದ್ದರೆ ದೊಡ್ಡ ಅರ್ಜಿಗೆ ಬಲ ಬರುತ್ತೆ.

ಇನ್ನೊಂದು ವಿಷಯ ಬಾಕಿ ಇದೆ, ಒಪ್ಪಿಗೆ ಪತ್ರ. ಇಂಗ್ಲಿಷಿನಲ್ಲಿ ಬರೆದು ಕೊನೆಗೆ ಅನುವಾದಕ್ಕೆ ಕೊಡುತ್ತಾರೆ. ಒಮ್ಮೆ ನಮ್ಮ ಪತ್ರದಲ್ಲಿ 'ಯಾದೃಚ್ಛಿಕವಾಗಿ ಹಂಚಲಾಗುವುದು' ಅಂತ ಬಂದಿತ್ತು. ವಾರ್ಡಿನ ಅಜ್ಜಿಯೊಬ್ಬರು ಎರಡು ಸಲ ಓದಿಸಿ ಕೇಳಿ ಸುಮ್ನೆ ತಲೆಯಾಡಿಸಿದರು. ಪಕ್ಕದಲ್ಲಿದ್ದ ಸಿಸ್ಟರ್, 'ಅಜ್ಜಿ, ಚೀಟಿ ಎತ್ತಿದ ಹಾಗೆ. ನಿಮಗೆ ಯಾವ ಮಾತ್ರೆ ಬರುತ್ತೆ ಅಂತ ಡಾಕ್ಟರೂ ಆರಿಸಲ್ಲ, ನೀವೂ ಆರಿಸಲ್ಲ' ಅಂದರು. ಅಜ್ಜಿ ತಕ್ಷಣ ಕೇಳಿದರು: 'ಹಂಗಾದ್ರೆ ನಂಗೆ ಬರೀ ಸಪ್ಪೆ ಮಾತ್ರೆ ಬಂದ್ರೆ ನೋವು ಯಾರು ನೋಡ್ತಾರವ್ವ?' ಆ ಪ್ರಶ್ನೆಗೆ ನಮ್ಮ ಪತ್ರದಲ್ಲಿ ಉತ್ತರವೇ ಇರಲಿಲ್ಲ. ನೋವು ಜಾಸ್ತಿಯಾದರೆ ಏನು ಕೊಡುತ್ತೇವೆ, ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ಸೇರಿಸಿ ಮತ್ತೆ ಕಮಿಟಿಗೆ ಕಳಿಸಿದೆವು. ನಿಮ್ಮ ಪತ್ರವನ್ನು ಕನ್ನಡದಲ್ಲೇ ಮೊದಲು ಬರೆಯಿರಿ, ನಿಮ್ಮ ವಾರ್ಡಿನ ಇಬ್ಬರು ಮೂವರಿಗೆ ಓದಿ ಹೇಳಿ.

ರಿಜಿಸ್ಟರ್ ಎಣಿಸಿದ ಮೇಲೆ ಪ್ರಶ್ನೆ, ರೋಗಿಗಳ ಸಂಖ್ಯೆ, ಏನನ್ನು ಅಳೆಯುತ್ತೀರಿ, ಇಷ್ಟನ್ನು ಒಂದು ಪುಟದಲ್ಲಿ ಬರೆದು ಇಲ್ಲೇ ಹಾಕಿ. ರೋಗಿಗಳ ಹೆಸರು, ವಿವರ ಬೇಡ. ನಾನು ಓದಿ ಹೇಳುತ್ತೇನೆ.