ಒಮ್ಮೆ ಮನಸೋತ ಮಾರಿಷಸ್‌ಗೆ ಅರವತ್ತು ದಾಟಿದ ಮೇಲೆ ಮತ್ತೆ ಹೋಗಬಹುದಾ?

ನೀವು ಕೇಳಿರುವುದು ಇಷ್ಟು: ಮದುವೆಯಾದ ಹೊಸದರಲ್ಲಿ ಮಾರಿಷಸ್‌ಗೆ ಹೋಗಿ ಮನಸೋತಿದ್ದಿರಿ. ಈಗ ಇಬ್ಬರಿಗೂ ಅರವತ್ತು ದಾಟಿದೆ. ಅದೇ ಹೋಟೆಲ್, ಅದೇ ಬೀಚ್‌ಗೆ ಮತ್ತೆ ಹೋದರೆ ಖುಷಿಯಾಗುತ್ತದಾ, ಇಲ್ಲ ಇದ್ದ ನೆನಪೂ ಕೆಡುತ್ತದಾ? ನಾನೂ ಚಿಕ್ಕ ವಯಸ್ಸಿನಲ್ಲಿ ಹೋಗಿದ್ದೆ, ನಿವೃತ್ತಿಯಾದ ಮೇಲೆ ಮತ್ತೆ ಹೋಗಿ ಬಂದೆ. ಹೋಗಿ ಅಂತಲೇ ಹೇಳುತ್ತೇನೆ. ಆದರೆ ಹಳೇ ಹೋಟೆಲ್ ಹುಡುಕುವ ಮೊದಲು ಗಾಳಿ ಯಾವ ಕಡೆಯಿಂದ ಬೀಸುತ್ತದೆ ನೋಡಿಕೊಳ್ಳಿ.

ತಮಾಷೆ ಮಾಡುತ್ತಿಲ್ಲ. ಅಲ್ಲಿ ವರ್ಷದ ಬಹುಪಾಲು ಗಾಳಿ ಬರುವುದು ಆಗ್ನೇಯದಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರ ಜೋರು ಜಾಸ್ತಿ. ಆಗ ಪೂರ್ವ ತೀರದ ಬೆಲ್ ಮಾರ್ ಕಡೆ ಕೂತರೆ ಮುಖಕ್ಕೆ ಮರಳು ರಾಚುತ್ತದೆ. ಮಧ್ಯದಲ್ಲಿ ಬೆಟ್ಟಗಳು ಅಡ್ಡ ಇರುವುದರಿಂದ ಪಶ್ಚಿಮದ ಫ್ಲಿಕ್ ಆನ್ ಫ್ಲಾಕ್, ವಾಯವ್ಯದ ತ್ರೂ ಒ ಬಿಶ್ ಅದೇ ದಿನ ಶಾಂತವಾಗಿರುತ್ತವೆ. ಮಳೆಯದೂ ಅದೇ ಕಥೆ. ಮೋಡಗಳು ನಡುವಿನ ಎತ್ತರದ ಊರು ಕ್ಯೂರ್‌ಪೀಪ್ ಸುತ್ತಮುತ್ತ ಸುರಿದು, ಪಶ್ಚಿಮಕ್ಕೆ ಇಳಿಯುವಷ್ಟರಲ್ಲಿ ಖಾಲಿಯಾಗಿರುತ್ತವೆ. ಇಪ್ಪತ್ತೈದರಲ್ಲಿ ಇದನ್ನೆಲ್ಲ ಯಾರು ನೋಡುತ್ತಾರೆ, ಅಲ್ವಾ? ಗಾಳಿ ಬೀಸಿದರೆ ಅದೂ ಒಂದು ಮಜಾ. ಈಗ ಕಿವಿ, ಮಂಡಿ, ಸೊಂಟ ಎಲ್ಲಕ್ಕೂ ಒಂದೊಂದು ಅಭಿಪ್ರಾಯ ಇರುತ್ತದೆ.

ಹೋಟೆಲ್ ಮಾಲೀಕರು ಬದಲಾಗುತ್ತಾರೆ, ಕಟ್ಟಡ ಕೆಡವಿ ಮತ್ತೆ ಕಟ್ಟುತ್ತಾರೆ. ಗಾಳಿ, ಬೆಟ್ಟ, ಇಳಿಯುವ ಸೂರ್ಯನ ದಿಕ್ಕು ಇವೆಲ್ಲ ಇದ್ದಲ್ಲೇ ಇವೆ. ಅದಕ್ಕೇ ಅವನ್ನು ನಂಬಿ ಜಾಗ ಆರಿಸಿ ಅನ್ನುವುದು.

ನೆಲದ ಮೇಲಿನ ಬದಲಾವಣೆಗೆ ಬೇಗ ಒಗ್ಗಿಕೊಳ್ಳುತ್ತೀರಿ. ಯುರೋಪಿನ ಒಕ್ಕೂಟ ಸಕ್ಕರೆಗೆ ಕೊಡುತ್ತಿದ್ದ ಖಾತರಿ ಬೆಲೆ 2009ರಲ್ಲಿ ನಿಂತ ಮೇಲೆ ಕಬ್ಬಿನ ಗದ್ದೆಗಳು ಕಡಿಮೆಯಾಗಿವೆ, ಎಷ್ಟೋ ಕಡೆ ವಿಲ್ಲಾಗಳು ಬಂದಿವೆ. ರಾಜಧಾನಿ ಪೋರ್ಟ್ ಲೂಯಿಯಿಂದ ಕ್ಯೂರ್‌ಪೀಪ್‌ವರೆಗೆ ಮೆಟ್ರೋ ಓಡುತ್ತದೆ. ಎರಡು ದಿನ 'ಅಯ್ಯೋ' ಅನ್ನಿಸುತ್ತದೆ, ಮೂರನೇ ದಿನ ನೀವೇ ಮೆಟ್ರೋದಲ್ಲಿ ಕೂತಿರುತ್ತೀರಿ.

ಸಂಕಟವಾಗುವುದು ನೀರಿನೊಳಗೆ. ದ್ವೀಪದ ಸುತ್ತ ಸುಮಾರು 150 ಕಿ.ಮೀ. ಉದ್ದದ ಹವಳದ ಗೋಡೆ ಇದೆ, ಅದು ಅಲೆ ತಡೆಯುವುದರಿಂದಲೇ ಒಳಗಿನ ನೀರು ತಿಳಿಯಾಗಿ, ಆಳವಿಲ್ಲದೆ ಇರುವುದು. ಬೇಸಿಗೆಯ ಗರಿಷ್ಠಕ್ಕಿಂತ ಒಂದೇ ಒಂದು ಡಿಗ್ರಿ ಜಾಸ್ತಿ ಬಿಸಿ ಕೆಲವು ವಾರ ನಿಂತರೆ ಸಾಕು, ಹವಳ ತನ್ನೊಳಗಿನ ಪಾಚಿಯನ್ನು ಹೊರಗೆ ಹಾಕಿ ಬೆಳ್ಳಗಾಗುತ್ತದೆ. ಅದಕ್ಕೆ ಬಣ್ಣ ಕೊಡುವುದೂ, ಊಟ ಹಾಕುವುದೂ ಆ ಪಾಚಿಯೇ. ಬಿಸಿ ಬೇಗ ಇಳಿಯದಿದ್ದರೆ ಸಾಯುತ್ತದೆ. ಜಗತ್ತಿನಾದ್ಯಂತ ಹೀಗೆ ಆಗಿದ್ದು 1998, 2010, 2014ರಿಂದ 2017, ಮತ್ತೆ 2023ರಿಂದ. ಹಾಗಾಗಿ ಆಗ ನೋಡಿದ ಕೊಂಬೆ ಕೊಂಬೆ ಹವಳದ ಜಾಗದಲ್ಲಿ ಈಗ ಬರೀ ಕಲ್ಲುಚೂರು, ಅದರ ಮೇಲೆ ಕಂದು ಪಾಚಿ ಸಿಗಬಹುದು. ನನಗೆ ಒಂದು ಕಡೆ ಹಾಗೇ ಆಯಿತು, ಇನ್ನೊಂದು ಕಡೆ ಮೀನುಗಳ ಜಾತ್ರೆ. ಇದಕ್ಕೆ ಮನಸ್ಸು ಗಟ್ಟಿಮಾಡಿಕೊಂಡು ಹೋಗಿ.

2020ರ ಎಣ್ಣೆ ಸೋರಿಕೆಯ ಬಗ್ಗೆಯೂ ಓದಿರಬಹುದು. ಜುಲೈ 25ರಂದು 'ವಾಕಾಶಿಯೋ' ಅನ್ನುವ ಹಡಗು ಆಗ್ನೇಯದ ಪ್ವಾಂತ್ ದೆಸ್ನಿ ಹತ್ತಿರ ಹವಳಕ್ಕೆ ಬಡಿದು ನಿಂತಿತು. ಆಗಸ್ಟ್‌ನಲ್ಲಿ ಸುಮಾರು 1,000 ಟನ್ ಎಣ್ಣೆ ಸಮುದ್ರ ಸೇರಿತು. ಜನರು ಸರ್ಕಾರಕ್ಕೆ ಕಾಯಲಿಲ್ಲ. ಒಣ ಕಬ್ಬಿನ ಸೋಗೆಯನ್ನು ಬಟ್ಟೆಯೊಳಗೆ ತುಂಬಿ ತೇಲುವ ತಡೆಗೋಡೆ ಹೊಲಿದರು, ಎಣ್ಣೆ ಹೀರಲಿ ಅಂತ ತಲೆಕೂದಲನ್ನೂ ಕೊಟ್ಟರು. ಮೊದಲ ಸಲ ಹೋದಾಗ ನಾನು ಸಮುದ್ರ ಮಾತ್ರ ನೋಡಿದ್ದೆ. ಈ ಸಲ ಅಲ್ಲಿಯವರ ಜತೆ ಮಾತಾಡುತ್ತಾ ಕೂರುವುದೇ ಹೆಚ್ಚು ಹಿಡಿಸಿತು.

ಇನ್ನು ನಿಮ್ಮ ದೇಹದ ವಿಷಯ. ಸ್ನಾರ್ಕೆಲಿಂಗ್, ಅಂದರೆ ಬಾಯಲ್ಲಿ ಉಸಿರಾಟದ ಕೊಳವೆ ಇಟ್ಟುಕೊಂಡು ಮುಖ ನೀರಿಗಿಟ್ಟು ತೇಲುವುದು, ನೋಡಲು ಸುಲಭ, ಸುಮ್ನೆ ತೇಲುವುದು ತಾನೇ ಅನ್ನಿಸುತ್ತದೆ. ಆದರೆ ನೀರಿಗಿಳಿದಾಗ ಅದರ ಒತ್ತಡಕ್ಕೆ ಕಾಲಿನ ರಕ್ತ ಎದೆಯ ಕಡೆಗೆ ಬರುತ್ತದೆ, ಹೃದಯದ ಕೆಲಸ ಹೆಚ್ಚುತ್ತದೆ. ಕೊಳವೆಯಲ್ಲಿ ಉಸಿರೆಳೆಯುವುದಕ್ಕೂ ಶ್ರಮ ಬೇಕು. ಬಿಪಿ ಅಥವಾ ಹೃದಯದ ತೊಂದರೆ ಇದ್ದರೆ ಮೊದಲೇ ಡಾಕ್ಟರನ್ನು ಕೇಳಿ. ಬಿಪಿಗೆ ಕೊಡುವ, ಮೂತ್ರ ಹೆಚ್ಚಿಸಿ ಮೈನೀರು ಇಳಿಸುವ ಕೆಲವು ಮಾತ್ರೆಗಳಿಂದ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ಅದನ್ನೂ ಕೇಳಿ. ಎದೆಮಟ್ಟದ ನೀರಿನಲ್ಲಿ, ಜತೆಗೆ ಒಬ್ಬರನ್ನು ಇಟ್ಟುಕೊಂಡು ಶುರುಮಾಡಿ. ಉಸಿರು ಕಟ್ಟಿದ ಹಾಗಾದರೆ ಕೊಳವೆ ತೆಗೆದು, ಎದ್ದು ನಿಂತುಬಿಡಿ. ಕಾಲಿಗೆ ರಬ್ಬರ್ ಶೂ ಇರಲಿ. ಮುಳ್ಳಿನ ಸಮುದ್ರ ಜೀವಿಗಳೂ, ಕಲ್ಲಿನಂತೆ ಕಾಣುವ ವಿಷದ ಸ್ಟೋನ್‌ಫಿಶ್ ಕೂಡ ಅಲ್ಲಿವೆ. ದಕ್ಷಿಣದ ಗ್ರಿ ಗ್ರಿ ಬೀಚ್‌ಗೆ ನೋಡೋಕೆ ಹೋಗಿ, ಈಜೋಕೆ ಅಲ್ಲ. ಅಲ್ಲಿ ಹವಳದ ತಡೆ ಇಲ್ಲ, ಅಲೆ ನೇರವಾಗಿ ದಡಕ್ಕೇ ಬಂದು ಬಡಿಯುತ್ತದೆ.

ಲೆ ಮೋರ್ನ್ ಬೆಟ್ಟ ಹತ್ತಿದ್ದ ನೆನಪಿದ್ದರೆ, ಈ ಸಲ ಅರ್ಧದವರೆಗೆ ಸಾಕು. ಕೊನೆಯ ಭಾಗದಲ್ಲಿ ಬಂಡೆ ಹಿಡಿದು ಹತ್ತಬೇಕು. ಅರ್ಧದಿಂದಲೇ ಲಗೂನ್, ಅಂದರೆ ಹವಳದ ಗೋಡೆಯೊಳಗಿನ ತಿಳಿನೀರು, ಚೆನ್ನಾಗಿ ಕಾಣುತ್ತದೆ. ಓಡಿಹೋದ ಗುಲಾಮರು ಅಡಗಿದ್ದ ಬೆಟ್ಟ ಅದು. 2008ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ.

ತಿಂಗಳು ಕೇಳಿದರೆ ನಾನು ಅಕ್ಟೋಬರ್ ಅನ್ನುತ್ತೇನೆ. ಗಾಳಿ ಇಳಿದಿರುತ್ತದೆ, ಮಳೆ ತೀರಾ ಕಡಿಮೆ, ಚಂಡಮಾರುತದ ಕಾಲ ಇನ್ನೂ ಶುರುವಾಗಿರುವುದಿಲ್ಲ. ಅದರ ಕಾಟ ಜಾಸ್ತಿ ಇರುವುದು ಜನವರಿಯಿಂದ ಮಾರ್ಚ್‌ವರೆಗೆ. ಜೂನ್, ಜುಲೈ ಅಲ್ಲಿ ಚಳಿಗಾಲ, ಆಗ ಹೋದರೆ ಆರು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಸಂಜೆಯ ವಾಕಿಂಗ್ ಬೇಗ ಮುಗಿಸಬೇಕು.

ನಿಮ್ಮ ಹಳೇ ಹೋಟೆಲ್ ಪೂರ್ವದಲ್ಲಿದ್ದರೆ ಅಲ್ಲೇ ರೂಮು ಮಾಡಬೇಕೆಂದಿಲ್ಲ. ಪಶ್ಚಿಮದಲ್ಲಿ, ಮೆಟ್ಟಿಲು ಕಡಿಮೆ ಇರುವ ಕಡೆ ಇಳಿದುಕೊಳ್ಳಿ. ದ್ವೀಪದ ಉದ್ದ ಸುಮಾರು 65 ಕಿ.ಮೀ., ಅಗಲ 45. ಒಂದು ಬೆಳಿಗ್ಗೆ ಕಾರು ಮಾಡಿಕೊಂಡು ಹಳೇ ಬೀಚ್‌ಗೆ ಹೋಗಿ, ಮಧ್ಯಾಹ್ನಕ್ಕೆ ವಾಪಸ್ ಬರಬಹುದು. ಹೋಟೆಲ್‌ನವರು ಒಳಗೆ ಬಿಡುತ್ತಾರೋ ಇಲ್ಲವೋ ಅಂತ ಚಿಂತೆ ಬೇಡ. ಉಬ್ಬರದ ನೀರು ಮುಟ್ಟುವ ಗೆರೆಯ ಕೆಳಗಿನ ಮರಳೆಲ್ಲ ಅಲ್ಲಿ ಸಾರ್ವಜನಿಕರದ್ದು. ಪಕ್ಕದ ಸಾರ್ವಜನಿಕ ಬೀಚ್‌ನಿಂದ ಇಳಿದು, ನೀರಿನಂಚಿನಲ್ಲೇ ನಡೆದುಕೊಂಡು ಅಲ್ಲಿಗೆ ಹೋಗಬಹುದು.