ದೊಡ್ಡಪ್ಪ ಬಿಟ್ಟದ್ದು ಬುರುಡೆಯಲ್ಲ

ಪ್ರಶ್ನೆ: ನಮ್ಮ ದೊಡ್ಡಪ್ಪ 1988ರಲ್ಲಿ ಎಂ.ಎಸ್. ಮಾಡಲು ಅಮೆರಿಕಕ್ಕೆ ಹೋದವರು. ನಾವು ಮೊಬೈಲ್ ಹಿಡಿದು ಕೂತರೆ ಸಾಕು, 'ನಿಮ್ದೇನ್ರೋ, ಕಂಪ್ಯೂಟರಲ್ಲಿ ನಾವು ಆಗಲೇ ಜಗಳ ಆಡಿ ಮುಗಿಸಿದ್ದೀವಿ' ಅಂತಾರೆ. ಇಲ್ಲಿ ಜನಕ್ಕೆ ಇಂಟರ್ನೆಟ್ ಸಿಕ್ಕಿದ್ದೇ 1995ರಲ್ಲಿ ತಾನೇ? ಇದು ಬುರುಡೆ ಅಲ್ವಾ?
(ಓದುಗರೊಬ್ಬರು, ತಿಪಟೂರು)

ಉತ್ತರ: ಬುರುಡೆ ಅಲ್ಲ. ಇಸವಿಯ ವಿಷಯದಲ್ಲಿ ನೀವೂ ಸರಿ, ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಇಲ್ಲಿ ಜನರಿಗೆ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಆದರೆ ದೊಡ್ಡಪ್ಪ ಇದ್ದದ್ದು ಅಲ್ಲಿನ ಯೂನಿವರ್ಸಿಟಿಯಲ್ಲಿ, ಅಲ್ಲಿ ಆಗಲೇ ಯೂಸ್‌ನೆಟ್ ಇತ್ತು, ಅಂದರೆ ಕಂಪ್ಯೂಟರಿನಲ್ಲಿ ಬರೆದು ಹರಟುವ, ವಾದ ಮಾಡುವ ಜಾಲ. ಡ್ಯೂಕ್ ಯೂನಿವರ್ಸಿಟಿಯ ಇಬ್ಬರು ವಿದ್ಯಾರ್ಥಿಗಳು 1979ರಲ್ಲಿ ಯೋಚಿಸಿ ಶುರು ಮಾಡಿದ್ದು. ಚಿತ್ರ ಗಿತ್ರ ಏನೂ ಇಲ್ಲ, ಬರೀ ಅಕ್ಷರ. ನೀವು ಬರೆದದ್ದು ಒಂದು ಕಂಪ್ಯೂಟರಿನಿಂದ ಪಕ್ಕದ್ದಕ್ಕೆ, ಅಲ್ಲಿಂದ ಅದರ ಪಕ್ಕದ್ದಕ್ಕೆ, ಎಷ್ಟೋ ಸಲ ಫೋನ್ ದರ ಕಮ್ಮಿ ಇರುವ ರಾತ್ರಿ ಹೊತ್ತಲ್ಲಿ, ಹೀಗೆ ಹಬ್ಬುತ್ತಾ ಹೋಗುತ್ತಿತ್ತು.

ಅದರಲ್ಲಿ ವಿಷಯಕ್ಕೊಂದು ಕಟ್ಟೆ. ನಮ್ಮವರದ್ದು ಸಾಕ್.ಕಲ್ಚರ್.ಇಂಡಿಯನ್, ಹಳಬರ ಬಾಯಲ್ಲಿ ಎಸ್‌ಸಿಐ. ಆಮೇಲೆ ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾದವರಿಗೂ ಬೇರೆ ಬೇರೆ ಕಟ್ಟೆ ಆಯಿತು. ಒಂದೇ ಬರಹವನ್ನು ಎರಡು ಮೂರು ಕಟ್ಟೆಗೆ ಒಟ್ಟಿಗೆ ಹಾಕಬಹುದಿತ್ತು ನೋಡಿ, ಜಗಳ ಹತ್ತಿಕೊಳ್ಳುತ್ತಿದ್ದದ್ದೇ ಹಾಗೆ. ಕಾಶ್ಮೀರದ ಬಗ್ಗೆ ಒಬ್ಬ ಒಂದು ಸಾಲು ಬರೆದು ಎರಡೂ ಕಡೆ ಹಾಕಿದರೆ ವಾರಗಟ್ಟಲೆ ಅದೇ. ಕ್ರಿಕೆಟ್ಟಿಗೂ ಒಂದು ಕಟ್ಟೆ ಇತ್ತು. ಅಮೆರಿಕದ ಟೀವಿಯಲ್ಲಿ ಮ್ಯಾಚ್ ಬರುತ್ತಿರಲಿಲ್ಲವಲ್ಲ, ಸ್ಕೋರ್ ತಿಳಿದವರು ಟೈಪ್ ಮಾಡಿ ಹಾಕಬೇಕು, ಉಳಿದವರು ಬಾಯಿ ಬಿಟ್ಟುಕೊಂಡು ಕಾಯಬೇಕು. 1993ರಲ್ಲಿ ಕ್ರಿಕೆಟ್ ಸ್ಕೋರ್ ಕೊಡುವ ಕ್ರಿಕ್‌ಇನ್ಫೋ ಹುಟ್ಟಿದ್ದು ಇದೇ ಹಸಿವಿನಿಂದ.

1994ರ ಏಪ್ರಿಲ್‌ನಲ್ಲಿ ಅರಿಜೋನಾದ ಇಬ್ಬರು ವಕೀಲರು ಗ್ರೀನ್ ಕಾರ್ಡ್ (ಅಮೆರಿಕದಲ್ಲೇ ನೆಲೆಸಲು ಬೇಕಾದ ಪರವಾನಗಿ) ಲಾಟರಿಯ ಜಾಹೀರಾತನ್ನು ಸಾವಿರಾರು ಕಟ್ಟೆಗಳಿಗೆ ಒಂದೇ ಸಲ ಸುರಿದು ಎಲ್ಲರಿಂದಲೂ ಉಗಿಸಿಕೊಂಡರು. ತಮಾಷೆ ಅಂದರೆ ಆ ಲಾಟರಿಗೆ ಭಾರತದಲ್ಲಿ ಹುಟ್ಟಿದವರು ಅರ್ಜಿ ಹಾಕುವ ಹಾಗೇ ಇರಲಿಲ್ಲ!

ಪ್ರಶ್ನೆ: ಆಗ ಕನ್ನಡ ಹೇಗೆ ಬರೆಯುತ್ತಿದ್ದರು?
(ಅದೇ ಓದುಗರು)

ಉತ್ತರ: ಇಂಗ್ಲಿಷ್ ಅಕ್ಷರದಲ್ಲೇ. ನೀವು ಈಗ ವಾಟ್ಸಾಪಿನಲ್ಲಿ ಬರೀತೀರಲ್ಲ, ಹಾಗೇ. ಅದರ ಕಷ್ಟ ಗೊತ್ತೇ ಇದೆ, 'ನಮ್ಮ ಹಳ್ಳಿ ನೆನಪಾಗುತ್ತೆ' ಅಂತ ಬರೆದರೆ ಓದುವವನಿಗೆ ಗೋಡೆ ಮೇಲಿನ ಹಲ್ಲಿಯೂ ಆಗಬಹುದು. ಇದಕ್ಕೆ ಜನ ಒಂದು ದಾರಿ ಹುಡುಕಿದರು. ಚಿಕ್ಕ ಎಲ್ ಒತ್ತಿದರೆ ಲ, ದೊಡ್ಡ ಎಲ್ ಒತ್ತಿದರೆ ಳ. ಚಿಕ್ಕ ಎನ್ ನ, ದೊಡ್ಡದು ಣ. 1990ರ ದಶಕದ ಶುರುವಿನಲ್ಲಿ ಅವಿನಾಶ್ ಚೋಪ್ಡೆ ಮಾಡಿದ ಐಟ್ರಾನ್ಸ್ ಅನ್ನೋ ತಂತ್ರಾಂಶದಲ್ಲಿ ಇಂಥದ್ದೇ ನಿಯಮ. ಹಾಗೆ ಬರೆದು ಕೊಟ್ಟರೆ ಅದು ದೇಶಿ ಲಿಪಿಯಲ್ಲಿ ಅಚ್ಚು ಮಾಡಿ ಕೊಡುತ್ತಿತ್ತು, ಹಿಂದಿ ಸಿನಿಮಾ ಹಾಡುಗಳನ್ನು ಜನ ರಾಶಿ ರಾಶಿ ಬರೆದಿಟ್ಟದ್ದೂ ಇದರಲ್ಲೇ. 1998ರಲ್ಲಿ ಬಂದ ಬರಹ ತಂತ್ರಾಂಶದಲ್ಲಿ ಟೈಪ್ ಮಾಡಿದ್ದರೆ ಈ ದೊಡ್ಡ ಎಲ್, ಚಿಕ್ಕ ಎಲ್ ಆಟ ನಿಮ್ಮ ಬೆರಳಿಗೂ ಗೊತ್ತಿರುತ್ತೆ.

ಪ್ರಶ್ನೆ: ಆ ಜಗಳಗಳನ್ನು ಈಗ ಓದಬಹುದಾ? ದೊಡ್ಡಪ್ಪನನ್ನು ಕೇಳಿದರೆ ಮಾತು ಮರೆಸುತ್ತಾರೆ.
(ಅದೇ ಓದುಗರು, ಬಿಡುವ ಹಾಗೆ ಕಾಣೆ)

ಉತ್ತರ: ತುಂಬಾ ಉಳಿದಿದೆ. 2001ರಲ್ಲಿ ಗೂಗಲ್ ಹಳೇ ಯೂಸ್‌ನೆಟ್ ಬರಹಗಳನ್ನು ಒಟ್ಟು ಮಾಡಿ ಗೂಗಲ್ ಗ್ರೂಪ್ಸ್‌ನಲ್ಲಿ ಇಟ್ಟಿತು, 1981ರಷ್ಟು ಹಳೆಯವೂ ಅದರಲ್ಲಿವೆ. 2024ರ ಫೆಬ್ರವರಿಯಿಂದ ಅಲ್ಲಿ ಯೂಸ್‌ನೆಟ್ಟಿಗೆ ಹೊಸದಾಗಿ ಬರೆಯಲು ಆಗುವುದಿಲ್ಲ, ಹಳೆಯದನ್ನು ಓದಬಹುದು. ಆದರೆ ಒಂದು ಮಾತು. ಆಗ ಎಷ್ಟೋ ಜನ ಸ್ವಂತ ಹೆಸರು, ಯೂನಿವರ್ಸಿಟಿ ವಿಳಾಸ ಎರಡನ್ನೂ ಹಾಕಿಯೇ ಬರೆಯುತ್ತಿದ್ದರು. ಸುಮ್ನೆ ನಾಲ್ಕು ಜನ ಸ್ನೇಹಿತರು ಓದ್ತಾರೆ ಅಂದುಕೊಂಡಿದ್ದರು, ಪಾಪ. ದೊಡ್ಡಪ್ಪ ಯಾಕೆ ಮಾತು ಮರೆಸುತ್ತಾರೆ ಅಂತ ಈಗ ಹೊಳೆದಿರಬೇಕು. ಅವರನ್ನು ಒಂದು ಮಾತು ಕೇಳಿಯೇ ಹುಡುಕಿ.