ಪ್ರತಿಕ್ರಿಯೆ: ಮರ ಮೊದಲೋ, ಬಸವನಹುಳು ಮೊದಲೋ?

ದಕ್ಷಿಣ ಅಮೆರಿಕದ ಬಸವನಹುಳು ತಿನ್ನುವ ಹಾವುಗಳು ಊಟಕ್ಕಾಗಿಯೇ ಮರ ಹತ್ತಿದವೇ ಎಂದು ಕೇಳಿದ್ದೀರಿ. ಅಷ್ಟು ಸರಳವಿಲ್ಲ ಸಾರ್. ಡಿಪ್ಸಾಸ್ ಕುಲದ ಹಲವು ಹಾವುಗಳು ಬಳ್ಳಿಯಂತೆ ಸಪೂರ, ದೊಡ್ಡ ಕಣ್ಣು, ರಾತ್ರಿ ಕೊಂಬೆಯ ಮೇಲೆ ಬೇಟೆ. ಕೆಳದವಡೆಯನ್ನು ಚಿಪ್ಪಿನೊಳಗೆ ತೂರಿಸಿ, ಹಲ್ಲಿಗೆ ಸಿಕ್ಕ ಮೆತ್ತನೆಯ ಮೈಯನ್ನು ಎಡ-ಬಲ ದವಡೆ ಸರದಿಯಲ್ಲಿ ಜಗ್ಗಿ ಹೊರಗೆಳೆಯುತ್ತವೆ, ಚಿಪ್ಪು ಖಾಲಿ! ಆದರೆ ಬ್ರೆಜಿಲ್‌ನ ಸೆರಾಡೊ ಬಯಲಿನ ಡಿಪ್ಸಾಸ್ ಮಿಕಾನಿ ನೆಲದ ಹಾವು, ಚಿಪ್ಪಿಲ್ಲದ ಬಸವನಹುಳುಗಳನ್ನು (ಸ್ಲಗ್) ತಿನ್ನುತ್ತದೆ. ಇಂಥವನ್ನು ಮೊದಲು ಸಿಬೈನೊಮಾರ್ಫಸ್ ಎಂಬ ಬೇರೆ ಕುಲದಲ್ಲಿಟ್ಟಿದ್ದರು. ಡಿಎನ್‌ಎ ನೋಡಿದರೆ ಡಿಪ್ಸಾಸ್ ವಂಶವೃಕ್ಷದೊಳಗೇ ಕೂತಿದ್ದವು. ಅಂದರೆ ಮೆನು ಹೆಚ್ಚುಕಡಿಮೆ ಅದೇ, ವಿಳಾಸ ಮಾತ್ರ (ಮರವೋ ನೆಲವೋ) ಬದಲು. ಅಂದಹಾಗೆ, ಡಿಪ್ಸಾಸ್ ಇಂಡಿಕಾ ಹೆಸರಿಗೆ ಮೋಸಹೋಗಬೇಡಿ, ಅದು ಅಮೆಜಾನಿನದು.